ಗೊಂಚಲಿಗೆ ಹತ್ತೇ ಹೂವು

ಧಾತ್ರಿ, ಸುಮುಖ,

ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಅನ್ನ ಉಣ್ಣುವ ಮಕ್ಕಳಿಗೆ ಅಜ್ಜಿ ಕಾಗದ ಬರೆಯುವುದೆಂದರೆ ನಿಮಗೆ ನಗು ಬರಬಹುದು. ನಗಿ. ನಾನು ಮಾತಿನವಳಲ್ಲ ಎಂದು ನಿಮಗೆ ಗೊತ್ತು. ಬಾಯಿಗೆ ಬಾರದ್ದು ಕೈಗಾದರೂ ಬಂದೀತು ಎಂದು ಸುಮುಖನ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ.

ಹೋದ ಭಾನುವಾರ ಧಾತ್ರಿ ಪೇಪರ್ ಹಾಸಿಕೊಂಡು, ದಾಸವಾಳವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಅದರ ಚಿತ್ರ ಬರೆಯುತ್ತಿದ್ದಳಲ್ಲ. ಹೂವಿನ ಲೋಳೆಯ ಹಸಿ ವಾಸನೆ ಜಗಲಿಗೆಲ್ಲ ಹರಡಿತ್ತು. ಒಂದೊಂದೇ ಗೆರೆ ಎಳೆದು ಹೆಸರು ಬರೆಯುತ್ತಾ ಹೋದಳು. ಪುಷ್ಪಪತ್ರ, ಪುಷ್ಪದಳ, ಕೇಸರ, ಅಂಡಾಶಯ. ಒಂದು ಗೆರೆಯ ಮುಂದೆ ಮಾತ್ರ ಖಾಲಿ.

"ಈ ತುದೀಲಿ ಐದು ಚುಕ್ಕಿ ಇದ್ಯಲ್ಲ, ಇದಕ್ಕೆ ಎಂತ ಹೇಳ್ತಾರೋ?" ಎಂದಳು.

"ಬೆಂಕಿಕಡ್ಡಿ" ಎಂದ ಸುಮುಖ.

ಅಕ್ಕಿ ಆರಿಸುತ್ತಾ ಕುಳಿತಿದ್ದ ನಾನು "ಶಲಾಕಾಗ್ರ" ಎಂದುಬಿಟ್ಟೆ.

ಇಬ್ಬರೂ ತಿರುಗಿ ನೋಡಿದಿರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿಯ ಬಾಯಲ್ಲಿ ಆ ಮಾತು ಬಂದರೆ ಯಾರಾದರೂ ನೋಡುತ್ತಾರೆ. "ನಿಂಗೆ ಹೆಂಗೆ ಗೊತ್ತು ಅಜ್ಜಿ? ಯಾರು ಹೇಳ್ಕೊಟ್ಟಿದ್ದು?" ಎಂದು ಧಾತ್ರಿ ಕೇಳಿದಳು.

"ಯಾರೋ ಹೇಳಿದ್ರು ಮಗಾ, ಆಗ" ಎಂದೆ. ಮೊರ ಎತ್ತಿಕೊಂಡು ಒಳಗೆ ಹೋದೆ.

ಆ 'ಯಾರೋ' ಅನ್ನುವ ಮಾತು ಅಂದಿನಿಂದ ಹಲಸಿನ ಮೇಣದ ಹಾಗೆ ಗಂಟಲಿಗೆ ಅಂಟಿಕೊಂಡಿದೆ. ಅವರು ಯಾರೋ ಆಗಿರಲಿಲ್ಲ. ಅವರನ್ನು 'ಯಾರೋ' ಮಾಡಿದವಳು ನಾನು, ಈಗ ಎರಡನೇ ಸಲ.

ನಾವು ಆಗ ಹೊಸನಗರದ ಕಡೆಯ ಊರಿನಲ್ಲಿದ್ದೆವು. ನಿಮ್ಮ ಅಪ್ಪ ಇದೇ ಸಾಗರದಲ್ಲಿ ಯಾರದೋ ಅಂಗಡಿಯಲ್ಲಿ ಮೋಟಾರು ವೈಂಡಿಂಗ್ ಕಲಿಯುತ್ತಿದ್ದ. ಊರಲ್ಲಿ ಮನೆಯೊಳಗೆ ನಾನು, ನಿಮ್ಮ ಅಜ್ಜ, ಅಜ್ಜನ ತಾಯಿ. ನಿಮ್ಮ ಮುತ್ತಜ್ಜಿಯನ್ನು ಫೋಟೋದಲ್ಲಿ ನೋಡಿದ್ದೀರಿ. ಫೋಟೋದಲ್ಲೂ ಅವರು ನಕ್ಕಿಲ್ಲ.

ಪಕ್ಕದ ಮನೆಗೆ ಆ ಮನೆಯ ಯಜಮಾನರ ತಂಗಿಯೊಬ್ಬರು ಬಂದು ಉಳಿದಿದ್ದರು. ಹುಟ್ಟಿ ಬೆಳೆದದ್ದು ಜೋಗದಲ್ಲಿ, ತಂದೆ ಪವರ್ ಹೌಸಿನ ಕೆಲಸದಲ್ಲಿದ್ದವರು. ಸಾಗರಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಓದಿದ್ದರು, ಅದೂ ಸೈನ್ಸು. ಮುಂದೆ ಓದುವ ಆಸೆ ಇತ್ತಂತೆ, ಮದುವೆ ಮಾಡಿದರು. ಎರಡು ವರ್ಷಕ್ಕೆ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಅಣ್ಣನ ಮನೆಗೆ ಬಂದರು. ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವರು, ನನ್ನನ್ನು 'ಅಕ್ಕ' ಎನ್ನುತ್ತಿದ್ದರು. ನಾವೆಲ್ಲ ಅವರನ್ನು ಟೀಚರಮ್ಮ ಎಂದು ಕರೆಯುತ್ತಿದ್ದೆವು. ಯಾವ ಶಾಲೆಯಲ್ಲೂ ಅವರು ಟೀಚರಾಗಿರಲಿಲ್ಲ. ಆ ಹೆಸರು ಬಂದದ್ದು ವೆನಿಲಾದಿಂದ.

ನೀವು ಐಸ್‌ಕ್ರೀಮಿನಲ್ಲಿ ಕೇಳುವ ವೆನಿಲಾ ಒಂದು ಬಳ್ಳಿ. ಆ ಕೆಲವು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ಕಡೆಯೂ ಅದರದೇ ಮಾತು. ನಿಮ್ಮ ಅಜ್ಜನೂ ಮನೆಯ ಹಿಂದೆ ಗೊಬ್ಬರದ ಗಿಡದ ಗೂಟ ಊರಿ ಬಳ್ಳಿ ಹಬ್ಬಿಸಿದರು. ಮೂರನೇ ವರ್ಷಕ್ಕೆ ಹೂ ಬಿಟ್ಟಿತು, ಹಳದಿಯೂ ಅಲ್ಲದ ಹಸಿರೂ ಅಲ್ಲದ ಹೂವು. ಅದಕ್ಕೆ ಹೆಚ್ಚು ವಾಸನೆಯೂ ಇಲ್ಲ. ಬೆಳಿಗ್ಗೆ ಅರಳಿದರೆ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತಿತ್ತು. ಅದರ ಗುಟ್ಟು ಗೊತ್ತಿರುವ ಜೇನು ನಮ್ಮ ಕಡೆ ಇಲ್ಲವಂತೆ. ಹಾಗಾಗಿ ಪ್ರತಿ ಹೂವಿಗೂ ಮನುಷ್ಯರೇ ಕೈಯಿಂದ ಪರಾಗ ಮುಟ್ಟಿಸಬೇಕು. ಮುಟ್ಟಿಸದ ಹೂವು ಮರುದಿನವೋ ಅದರ ಮರುದಿನವೋ ಉದುರಿಹೋಗುತ್ತದೆ.

ಇದನ್ನು ಕಲಿತು ಬಂದಿದ್ದವರು ಟೀಚರಮ್ಮ ಒಬ್ಬರೇ. ತೀರ್ಥಹಳ್ಳಿಯಲ್ಲಿ ಎರಡು ದಿನ ತರಬೇತಿ ಕೊಟ್ಟಾಗ ಗಂಡಸರ ನಡುವೆ ಒಬ್ಬರೇ ಹೆಂಗಸು ಹೋಗಿ ಕುಳಿತಿದ್ದರಂತೆ. ಆಮೇಲೆ ಮನೆಮನೆಗೆ ಹೋಗಿ ಹೆಂಗಸರಿಗೆ ಕಲಿಸಿದರು. ಹೂ ಬಿಡುವ ಎರಡು ತಿಂಗಳು ಅವರು ಮೊದಲ ಬಸ್ಸಿಗೆ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದರು. ಅಣ್ಣನ ಮನೆಯಲ್ಲಿ ಅವರ ಜಾಗ ಮುಸುರೆ ತಿಕ್ಕುವ ಕಲ್ಲಿನ ಹತ್ತಿರ ಇತ್ತು. ಆ ಎರಡು ತಿಂಗಳಲ್ಲಿ ಮಾತ್ರ ಅಣ್ಣನ ಹೆಂಡತಿಯೇ ಅವರಿಗೆ ತಿಂಡಿ ಮಾಡಿಕೊಡುತ್ತಿದ್ದರು. ನಾನು ಬೇಲಿಯ ಈಚೆಯಿಂದ ನೋಡುತ್ತಿದ್ದೆ.

ನಮ್ಮ ಅಂಗಳಕ್ಕೆ ಬಂದ ದಿನ ನೆನಪಿದೆ. ಬಾಳೆ ಎಲೆಯ ತುಂಡಿನ ಮೇಲೆ ಒಂದು ಹೂವು ಸೀಳಿ ಇಟ್ಟರು. ಸುತ್ತ ನಾವು ಆರು ಜನ, ಅತ್ತೆಯವರು ಕಟ್ಟೆಯ ಮೇಲೆ. ಇದು ಕೇಸರ, ಗಂಡು. ಇದು ಶಲಾಕಾಗ್ರ, ಹೆಣ್ಣು. ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡೆವು.

"ಗಂಡು ಹೆಣ್ಣು ಇಬ್ರೂ ಒಂದೇ ಕೋಣೇಲಿ ಇದ್ದಾರೆ. ಮತ್ತೆ ನಮ್ಮನ್ಯಾಕೆ ಕರೀತಾರೆ?" ಎಂದರು ನಮ್ಮ ಇನ್ನೊಂದು ಬದಿಯ ಆಚೆಮನೆಯ ಅತ್ತಿಗೆ.

"ಮಧ್ಯೆ ಅಂತರಪಟ ಹಿಡಿದಿದೆ ಅತ್ತಿಗೆ. ನೋಡಿ, ಈ ತೆಳ್ಳಗಿನ ಪೊರೆ. ಅದನ್ನ ಸರಿಸೋರು ಬೇಕಲ್ಲ" ಎಂದರು ಟೀಚರಮ್ಮ.

"ಹಾಗಾದ್ರೆ ನೀನು ಪುರೋಹಿತೆ" ಎಂದರು ಅತ್ತೆ. "ದಕ್ಷಿಣೆ ಎಂತ ಕೊಡ್ಬೇಕು ಮಾರಾಯ್ತಿ?"

"ಒಂದು ಲೋಟ ಕಾಫಿ ಅಮ್ಮ. ಬೆಲ್ಲ ಸ್ವಲ್ಪ ಮುಂದೆ ಇರ್ಲಿ."

ಅತ್ತೆ ಕೂಡ ನಕ್ಕರು. ಮದುವೆಯಲ್ಲಿ ಹೆಣ್ಣು ಗಂಡಿನ ನಡುವೆ ಹಿಡಿಯುವ ಬಟ್ಟೆ ನಮಗೆಲ್ಲ ಗೊತ್ತಿದ್ದದ್ದೇ. ಆ ಹೆಸರು ಹೇಳಿದ ಮೇಲೆ ಹೂವು ಅರ್ಥವಾಗಿಹೋಯಿತು. ಅಲ್ಲಿಂದ ಆ ಕೆಲಸಕ್ಕೆ ಊರಲ್ಲೆಲ್ಲ 'ಹೂವಿನ ಮದುವೆ' ಎಂದೇ ಹೆಸರಾಯಿತು. ಆದರೆ ಟೀಚರಮ್ಮ ಪುಸ್ತಕದ ಹೆಸರನ್ನೂ ಬಿಡುತ್ತಿರಲಿಲ್ಲ, ನಮ್ಮಿಂದ ಹೇಳಿಸುತ್ತಿದ್ದರು. "ಮನೆ ಹೆಸರು ಕರೆಯೋಕೆ, ಶಾಲೆ ಹೆಸರು ಹಾಜರಿಗೆ. ಎರಡೂ ಗೊತ್ತಿರ್ಬೇಕು" ಎನ್ನುತ್ತಿದ್ದರು.

ನಾನು ಎಲ್ಲರ ಮುಂದೆ ಹೇಳಲಿಲ್ಲ, ನಾಲಿಗೆ ಏಳಲಿಲ್ಲ. ಅವರು ಅದನ್ನು ಗಮನಿಸಿದರು. ಮರುದಿನ ಬಸ್ಸಿಗೆ ಮೊದಲು ಬೇಲಿ ದಾಟಿ ಬಂದು ನನಗೊಬ್ಬಳಿಗೇ ಕಲಿಸಿದರು. ನಮ್ಮ ಬಳ್ಳಿಯ ಮೊದಲ ಹೂವನ್ನು ತಾವೇ ಮುಟ್ಟಿ ತೋರಿಸಿದರು. ಎಡಗೈಯಲ್ಲಿ ಹೂವನ್ನು ಮಗುವಿನ ಗಲ್ಲ ಹಿಡಿದ ಹಾಗೆ ಹಿಡಿಯಬೇಕು. ಕೊಳವೆಯಂಥ ತುಟಿಯನ್ನು ಕೆಳಗೆ ಒತ್ತಿ, ಮುಳ್ಳಿನ ತುದಿಯಿಂದ ಪೊರೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಅದುಮಬೇಕು. ಅಷ್ಟೇ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಮುಳ್ಳು ಅವರೇ ಕೊಟ್ಟರು, ಗಜನಿಂಬೆಯ ಗಿಡದ್ದು. ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದರು, ಹೂವು ಹರಿಯಬಾರದಲ್ಲ. "ಇದು ಎಲ್ಲಿ ಹುಟ್ಟೋದು ನೋಡಿದೀರಾ ಅಕ್ಕ? ಎಲೆ ಬುಡದಲ್ಲಿ, ಕಂಕುಳ ಮೊಗ್ಗು ಇರೋ ಜಾಗದಲ್ಲಿ. ಕೊಂಬೆ ಆಗ್ಬೇಕಾಗಿದ್ದು ಮುಳ್ಳಾಗಿದೆ" ಎಂದರು. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ನೋಡಿದರು. "ಆದ್ರೂ ಕೆಲಸಕ್ಕೆ ಬಂತಲ್ಲ" ಎಂದು ನಕ್ಕು ನನ್ನ ಕೈಗಿತ್ತರು.

ಹೂವಿನ ಹಿಂದಿದ್ದ ಉದ್ದನೆಯ ಹಸಿರು ಕಡ್ಡಿಯನ್ನು ನಾನು ತೊಟ್ಟು ಅಂದುಕೊಂಡಿದ್ದೆ. ಅದು ತೊಟ್ಟಲ್ಲ, ಅದೇ ಅಂಡಾಶಯ, ಅದೇ ಉದ್ದವಾಗಿ ಕೋಡು ಆಗುವುದು ಎಂದರು. ಹೂವು ಬಾಡಿಯೂ ಉದುರದೆ ಅದರ ತುದಿಗೆ ಅಂಟಿ ನಿಂತರೆ ಕಾಯಿ ಕಚ್ಚಿತು ಎಂದು ಲೆಕ್ಕ. ಮೊದಲ ದಿನ ನಾನು ಮುಟ್ಟಿದವೆಲ್ಲ ಉದುರಿದವು. ನಾಲ್ಕನೇ ದಿನ ಒಂದೂ ಉದುರಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ನನ್ನ ಕೈಗೂ ಒಂದು ವಿದ್ಯೆ ಇದೆ ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಒಂದು ಮಾತನ್ನು ಅವರು ಎರಡೆರಡು ಸಲ ಹೇಳಿದ್ದರು. "ಗೊಂಚಲಿಗೆ ಹತ್ತೇ ಹೂವು ಅಕ್ಕ. ಒಂದು ಗೊಂಚಲಲ್ಲಿ ಇಪ್ಪತ್ತು ಬಿಡ್ತದೆ, ದಿನಕ್ಕೊಂದೋ ಎರಡೋ ಅರಳ್ತದೆ. ಹತ್ತು ಕಚ್ಚಿದ ಮೇಲೆ ತುದಿ ಚಿವುಟಿ ಹಾಕಿ. ಹನ್ನೊಂದನೇದು ಎಷ್ಟು ಚಂದ ಕಂಡ್ರೂ ಬಿಟ್ಟುಬಿಡಿ. ಎಲ್ಲಾ ಹೊತ್ರೆ ಬಳ್ಳಿ ಸೋತುಹೋಗ್ತದೆ."

ನಾನು ತಲೆಯಾಡಿಸಿದೆ.

ಈಗ ನನ್ನ ತಪ್ಪು. ನಮ್ಮ ಮನೆಯಲ್ಲಿ ಹೂವನ್ನು ನೆಲಕ್ಕೆ ಬೀಳಗೊಡುವ ಪದ್ಧತಿ ಇರಲಿಲ್ಲ. ಪಾರಿಜಾತ ಒಂದನ್ನು ಬಿಟ್ಟರೆ ಬಿದ್ದ ಹೂವು ದೇವರಿಗೂ ಸಲ್ಲುವುದಿಲ್ಲ. ಅತ್ತೆಯವರು ಕತ್ತಲು ಹರಿಯುವಾಗಲೇ ಬುಟ್ಟಿ ಹಿಡಿದು ಹೊರಡುತ್ತಿದ್ದರು. ಮೊಗ್ಗು ಚಿವುಟಿದವರ ಮನೆ ಏಳಿಗೆಯಾಗುವುದಿಲ್ಲ ಎನ್ನುತ್ತಿದ್ದರು. ಅಂಥ ಮನೆಯಲ್ಲಿ ನಾನು ಅರ್ಧ ಗೊಂಚಲನ್ನು ಮೊಗ್ಗಿನಲ್ಲೇ ಚಿವುಟಿ ಎಸೆಯಬೇಕು. ಎರಡು ಗೊಂಚಲು ಚಿವುಟಿದೆ. ಅತ್ತೆ ನೆಲದಿಂದ ಆ ಮೊಗ್ಗುಗಳನ್ನು ಆರಿಸಿ ಅಂಗೈಯಲ್ಲಿಟ್ಟು ತೋರಿಸಿದರು. "ಇವು ಎಂತ ಪಾಪ ಮಾಡಿದ್ವು?" ಎಂದು ಕೇಳಿದರು.

ಟೀಚರಮ್ಮ ಆಗ ತೀರ್ಥಹಳ್ಳಿಯ ಆಚೆ ಮೇಳಿಗೆಯ ತೋಟಗಳಿಗೆ ಹೋಗಿದ್ದರು, ಹದಿನೈದು ದಿನ ಅಲ್ಲೇ ಯಾರದೋ ಮನೆಯಲ್ಲಿ ಉಳಿದಿದ್ದರು. ಇಲ್ಲಿ ನಾನು ಬೆಳಗಾದರೆ ಬಳ್ಳಿಯ ಹತ್ತಿರ. ಹತ್ತಾಯಿತು. ಹನ್ನೊಂದನೆಯದು ಅರಳಿ ನಿಂತಿರುತ್ತಿತ್ತು. ಕೈಯಲ್ಲಿ ಮುಳ್ಳಿತ್ತು. ನಾನು ಬಿಟ್ಟರೆ ನಾಳೆ ನೆಲಕ್ಕೆ... ಮುಟ್ಟಿಬಿಡುತ್ತಿದ್ದೆ. ಹೀಗೆ ಒಂದೂ ಬಿಡದೆ ಉಳಿದ ಎಲ್ಲ ಗೊಂಚಲೂ ಮುಗಿಸಿದೆ. ಹದಿನೆಂಟು, ಇಪ್ಪತ್ತು ಕೋಡು ಬಾಳೆಯ ಗೊನೆಯ ಹಾಗೆ ಜೋತವು. ಅತ್ತೆಯವರು ಬಂದವರನ್ನೆಲ್ಲ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. "ನಮ್ಮ ಸೊಸೆ ಕೈಗುಣ ನೋಡಿ" ಎಂದರು. ನಾನು ಬಾಗಿಲ ಹಿಂದೆ ನಿಂತು ಅದನ್ನು ಕೇಳಿದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನ ಬಗ್ಗೆ ಬೇರೆಯವರ ಮುಂದೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಟೀಚರಮ್ಮ ವಾಪಸು ಬಂದ ಸಂಜೆ ಬೇಲಿಯ ಆಚೆಯಿಂದಲೇ ಕೇಳಿದರು. "ಹತ್ತೇ ಅಲ್ವಾ ಅಕ್ಕ?"

"ಹೂಂ" ಎಂದೆ.

ಅವರಿಗೆ ಆಯಾಸವಾಗಿತ್ತು, ನನ್ನ ಮಾತಿನ ಮೇಲೆ ನಂಬಿಕೆಯೂ ಇತ್ತು. ಬಂದು ನೋಡಲಿಲ್ಲ. ಅಂದು ನಿಜ ಹೇಳಿದ್ದರೆ ಎಳೆಯ ಕೋಡುಗಳಲ್ಲಿ ಅರ್ಧ ಕಿತ್ತು ಹಾಕಿಸುತ್ತಿದ್ದರು. ಅಷ್ಟು ಹೊತ್ತಿಗೆ ಅದಿನ್ನೂ ಸಾಧ್ಯವಿತ್ತು.

ಆ ವರ್ಷ ಮಳೆ ಕಳೆದು ದೀಪಾವಳಿ ಬರುವಷ್ಟರಲ್ಲಿ ಎಲೆಗಳು ಹಳದಿಯಾದವು. ಕಾಂಡದ ಗೆಣ್ಣುಗಳ ಹತ್ತಿರ ಕಪ್ಪು ಬಿದ್ದು ಮೆತ್ತಗಾಯಿತು, ಮುಟ್ಟಿದರೆ ನೀರು ಒಸರುತ್ತಿತ್ತು. ಕೋಡುಗಳು ಬಲಿಯುವ ಮೊದಲೇ ಸೊರಗಿದವು. ಒಂದೊಂದೇ ಬಳ್ಳಿ ಗೂಟದಿಂದ ಕಳಚಿ ಬಿತ್ತು. ನಿಮ್ಮ ಅಜ್ಜ ಬಿದ್ದ ಬಳ್ಳಿಗಳನ್ನು ಎಳೆದು ಬೇಲಿಯ ಬದಿಗೆ ಹಾಕಿದರು. ಅತ್ತೆಯವರು ಟೀಚರಮ್ಮನಿಗೆ ಹೇಳಿ ಕಳಿಸಿದರು.

ಅಂದು ಬೆಳಿಗ್ಗೆ ಅಂಗಳದಲ್ಲಿ ಆಚೆಮನೆಯ ಅತ್ತಿಗೆಯೂ ಇನ್ನಿಬ್ಬರೂ ಇದ್ದರು. ನಾನು ಕಾಫಿಯ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದೆ.

"ಮೊದಲ ಹೂವು ಮುಟ್ಟಿದ್ದು ಯಾರು?" ಎಂದು ಅತ್ತೆ ಕೇಳಿದರು.

"ನಾನೇ ಅಮ್ಮ, ತೋರಿಸಿಕೊಡೋಕೆ..."

"ಅದೇ ಹೇಳಿದ್ದು. ಅಂತರಪಟ ಸರಿಸೋಕೆ ಮುತ್ತೈದೆ ಕೈ ಬೇಕಾಗಿತ್ತು. ನಾವೇ ಬುದ್ಧಿಯಿಲ್ಲದೆ ನಗಾಡ್ಕೊಂಡು ಕೂತ್ವಿ. ನಮ್ಮ ಸೊಸೆ ಕೈಯಲ್ಲಿ ಅಷ್ಟು ಕಾಯಿ ಕಚ್ಚಿತ್ತು. ನಿನ್ನ ಕೈ ಬಿದ್ದ ಬಳ್ಳಿ ಎಷ್ಟು ದಿನ ಉಳಿದೀತು?"

ಯಾರೂ ನಗಲಿಲ್ಲ. ಟೀಚರಮ್ಮ ಮನೆಯ ಹಿಂದೆ ಬಳ್ಳಿಗಳ ಹತ್ತಿರ ನಡೆದರು, ನಾವೆಲ್ಲ ಹಿಂಬಾಲಿಸಿದೆವು. ಇನ್ನೂ ನಿಂತಿದ್ದ ಒಂದು ಬಳ್ಳಿಯಲ್ಲಿ ಒಣಗಿದ ಗೊಂಚಲೊಂದನ್ನು ಕೈಯಲ್ಲಿ ಎತ್ತಿ ಹಿಡಿದರು. ಅವರ ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಎಣಿಸುತ್ತಿದ್ದರು. ಹತ್ತು ದಾಟಿ, ಹದಿನೈದು ದಾಟಿ... ಇನ್ನೊಂದು ಗೊಂಚಲು ನೋಡಿದರು. ಆಮೇಲೆ ತಿರುಗಿ ನನ್ನ ಕಡೆ ನೋಡಿದರು.

ಸಿಟ್ಟಿನ ನೋಟವಾಗಿರಲಿಲ್ಲ. ಕಾಯುವ ನೋಟ. ಪಾಠ ಒಪ್ಪಿಸುವ ಮಗುವಿಗೆ ಮೊದಲ ಅಕ್ಷರ ನೆನಪಾಗಲಿ ಎಂದು ಮೇಷ್ಟ್ರು ಕಾಯುವ ಹಾಗೆ. ನಾನು ತಟ್ಟೆಯ ಲೋಟಗಳನ್ನು ನೋಡುತ್ತಾ ನಿಂತೆ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಒಂದೇ ಮಾತು, 'ಅತ್ತೆ, ನಾನು ಇಪ್ಪತ್ತೂ ಮುಟ್ಟಿದೆ'. ಅಷ್ಟನ್ನು ಹೇಳಿದ್ದರೆ ನನಗೇನಾಗುತ್ತಿತ್ತು? ನಾಲ್ಕು ದಿನ ಬೈಗುಳ. 'ಸೊಸೆಯ ಕೈಗುಣ' ಎಂಬ ಮಾತು ಹೋಗುತ್ತಿತ್ತು. ಆ ಮಾತನ್ನು ಬಿಟ್ಟುಕೊಡಲು ನನಗೆ ಆಗಲಿಲ್ಲ. ನಾಚಿಕೆಯ ಸ್ವಭಾವ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಾಚಿಕೆಯಲ್ಲ ಅದು.

ಟೀಚರಮ್ಮ ಗೊಂಚಲನ್ನು ಮೆಲ್ಲಗೆ ಬಿಟ್ಟರು. "ಹೌದು ಅಮ್ಮ, ನಾನೇ ಇನ್ನೂ ಸರಿಯಾಗಿ ಹೇಳ್ಕೊಡ್ಬೇಕಾಗಿತ್ತು" ಎಂದರು. ಬೇಲಿ ದಾಟಿ ಹೋದರು. ಬೆಲ್ಲ ಹೆಚ್ಚು ಹಾಕಿದ್ದ ಅವರ ಲೋಟವನ್ನು ನಾನು ಒಳಗೆ ತಂದು ಬಚ್ಚಲಿಗೆ ಚೆಲ್ಲಿದೆ.

ಅತ್ತೆಯವರ ಮಾತು ಟೀಚರಮ್ಮನಿಗಿಂತ ಮೊದಲು ಬಸ್ಸು ಹತ್ತಿತು. ಮುಂದಿನ ವರ್ಷ ಹೂ ಬಿಡುವ ಕಾಲಕ್ಕೆ ನಮ್ಮೂರಿನವರು ಅವರನ್ನು ಕರೆಯಲಿಲ್ಲ, ಪಕ್ಕದೂರಿನವರೂ ಕರೆಯಲಿಲ್ಲ. ಮೇಳಿಗೆಯವರು ಇಬ್ಬರು ಮುತ್ತೈದೆಯರನ್ನು ಕಳಿಸಿ ಅಂತ ಹೇಳಿದರಂತೆ. ಆ ಇಬ್ಬರಿಗೆ ಕೆಲಸ ಕಲಿಸಿದ್ದೂ ಇವರೇ. ಮೊದಲ ಬಸ್ಸು ಹೋಗುವ ಹೊತ್ತಿಗೆ ಟೀಚರಮ್ಮ ಮುಸುರೆ ಕಲ್ಲಿನ ಹತ್ತಿರ ಕುಳಿತಿರುತ್ತಿದ್ದರು. ಬಸ್ಸಿನ ಸದ್ದಿಗೆ ಒಮ್ಮೆ ತಲೆ ಎತ್ತುತ್ತಿದ್ದರು, ಅಷ್ಟೇ. ಅಣ್ಣನ ಹೆಂಡತಿಯ ತಿಂಡಿ ನಿಂತಿತು. ಆ ಮಳೆಗಾಲಕ್ಕೆ ಮೊದಲು ಮೇಗರವಳ್ಳಿಯ ಕಡೆ ಯಾವುದೋ ಹಾಸ್ಟೆಲ್ಲಿಗೆ ಅಡುಗೆ ಕೆಲಸಕ್ಕೆಂದು ಹೊರಟರು. ಹೊರಡುವಾಗ ಬೇಲಿಯ ಹತ್ತಿರ ನಿಂತು "ಅಕ್ಕಾ" ಎಂದು ಕರೆದರು. ನಾನು ಕೊಟ್ಟಿಗೆಯಲ್ಲಿದ್ದೆ. ಕೇಳಿಸಿತು... ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಆಮೇಲೆ ಆ ರೋಗ ಎಲ್ಲರ ಬಳ್ಳಿಗೂ ಬಂತು. ಲೆಕ್ಕ ಮಾಡಿ ಮುಟ್ಟಿದವರದೂ ಕೊಳೆಯಿತು. ನಮ್ಮದು ಹೇಗಿದ್ದರೂ ಸಾಯುತ್ತಿತ್ತೇನೋ. ಇದನ್ನು ಔಷಧಿಯ ಹಾಗೆ ಎಷ್ಟೋ ಸಲ ನುಂಗಿ ನೋಡಿದ್ದೇನೆ. ಗುಣ ಕೊಡಲಿಲ್ಲ. ನನ್ನ ನೋವು ಬಳ್ಳಿ ಸತ್ತದ್ದಕ್ಕಲ್ಲ.

ಮತ್ತೆ ಒಂದೇ ಸಲ ಅವರನ್ನು ನೋಡಿದೆ, ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ. ಆಗ ಅತ್ತೆಯವರು ತೀರಿಕೊಂಡಿದ್ದರು. ನಿಮ್ಮ ಅಜ್ಜ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ನೆಂಟರ ಮದುವೆಗೆ ಹೋಗಿ, ಧಾರೆಯ ಹೊತ್ತಿಗೆ ಯಾರೂ ಹೇಳದಿದ್ದರೂ ನಾನಾಗಿ ಕಂಬದ ಹಿಂದೆ ಸರಿದು ನಿಂತು, ಊಟ ಮುಗಿಸಿ ವಾಪಸು ಬರುತ್ತಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಯಾರೋ ಕುಳಿತರು. ತಿರುಗಿದರೆ ಟೀಚರಮ್ಮ. ಕೂದಲು ಬೆಳ್ಳಗಾಗಿತ್ತು, ಬೆರಳ ತುದಿಗಳು ಬಿಸಿಪಾತ್ರೆ ಹಿಡಿದು ಹಿಡಿದು ಒರಟಾಗಿದ್ದವು.

ನನ್ನ ಹಣೆ ನೋಡಿದರು, ಕೈ ನೋಡಿದರು. ಬರಿಗೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಎರಡು ಬಳೆ ಹಾಕ್ಕೊಳ್ಳಿ ಅಕ್ಕ. ಕೈ ಎಂತ ಮಾಡಿತ್ತು ಪಾಪ" ಎಂದರು.

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಗನ ಬಗ್ಗೆ ಕೇಳಿದರು. ಹಾಸ್ಟೆಲ್ಲಿನ ಹೆಣ್ಣುಮಕ್ಕಳಿಗೆ ತರಕಾರಿ ಹೆಚ್ಚುವಾಗ ಅದರ ಭಾಗಗಳ ಹೆಸರು ಹೇಳಿಕೊಡುತ್ತೇನೆ ಎಂದರು. "ಶುಂಠಿ ಬೇರಲ್ಲ, ಕಾಂಡ ಅಂದ್ರೆ ಒಬ್ಬಳೂ ನಂಬೋದಿಲ್ಲ. ಗೆಣ್ಣು ತೋರಿಸಿದ್ರೆ ಸುಮ್ನಾಗ್ತಾರೆ" ಎಂದು ನಕ್ಕರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಹಾಗೆ ಬರೆದರೆ ಬಸ್ಸಿನ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ. ಬಸ್ಸು ಬರುವ ಮೊದಲು ಬೇಕಾದಷ್ಟು ಹೊತ್ತು ಇತ್ತು.

ಹೋದ ವರ್ಷ ಆಚೆಮನೆಯ ಅತ್ತಿಗೆ ಫೋನು ಮಾಡಿದಾಗ, ಮಾತಿನ ನಡುವೆ, ಆ ಟೀಚರಮ್ಮ ತೀರಿಕೊಂಡಳಂತೆ ಎಂದರು. ಎಲ್ಲಿ, ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಒಲೆಯ ಮೇಲೆ ಹಾಲಿತ್ತು, ಫೋನು ಇಟ್ಟೆ. ಇನ್ನು ಕ್ಷಮೆ ಕೇಳಲು ಯಾರೂ ಉಳಿದಿಲ್ಲ ಎಂಬುದು ಹಾಲು ಇಳಿಸಿ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು.

ಧಾತ್ರಿ, ನಿನ್ನ ಖಾಲಿ ಗೆರೆಯ ಮುಂದೆ ಈಗ ಶಲಾಕಾಗ್ರ ಎಂದು ಬರೆದುಕೊಂಡಿದ್ದೀಯ. ಟೀಚರು ಸರಿ ಗುರುತು ಹಾಕಿದ್ದನ್ನೂ ನೋಡಿದೆ. ಅದನ್ನು ಹೇಳಿಕೊಟ್ಟವರ ಹೆಸರನ್ನು ಇಷ್ಟು ಹಾಳೆ ಬರೆದರೂ ನಾನು ಬರೆದಿಲ್ಲ. ಮರೆತಿಲ್ಲ. ಬರೆಯುವುದು ನನಗೆ ಸುಲಭ, ಅಂದು ಆಗದೇ ಹೋದದ್ದು ಬಾಯಿ ತೆರೆಯುವುದು. ಇದನ್ನು ಓದಿದ ಮೇಲೆ ಇಬ್ಬರೂ ಅಡುಗೆಮನೆಗೆ ಬನ್ನಿ. ನಿಮ್ಮ ಅಪ್ಪ ಅಮ್ಮನೂ ಅಲ್ಲೇ ಇರುವ ಹೊತ್ತು ನೋಡಿ ಬನ್ನಿ. "ಯಾರು ಹೇಳ್ಕೊಟ್ಟಿದ್ದು ಅಜ್ಜಿ?" ಎಂದು ಇನ್ನೊಮ್ಮೆ ಕೇಳಿ. ನಾನು ಮೊರ ಎತ್ತಿಕೊಂಡು ಹೊರಟರೆ ಬಿಡಬೇಡಿ.

ಈ ಹಾಳೆಗಳನ್ನು ಬೀರುವಿನಲ್ಲಿ ಇಡುವುದು ಬೇಡ, ದಾಸವಾಳದ ಚಿತ್ರವಿರುವ ಆ ಪುಸ್ತಕದೊಳಗೇ ಇಡಿ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ರದ್ದಿಗೆ ಹಾಕುವಾಗ ಇವು ಜೊತೆಯಲ್ಲಿ ಹೋಗದ ಹಾಗೆ ನೋಡಿಕೊಳ್ಳಿ. ಕೊನೆಯ ಹಾಳೆಗೆ ಒಂದು ಗಜನಿಂಬೆ ಮುಳ್ಳನ್ನು ದಾರದಿಂದ ಹೊಲಿದಿದ್ದೇನೆ. ಹೆದರಬೇಡಿ, ಅದರ ತುದಿಯನ್ನು ಅವರು ಮೊದಲೇ ಮೊಂಡು ಮಾಡಿಕೊಟ್ಟಿದ್ದಾರೆ.